‘ಎಕ್ಸ್ ಎರಡಕ್ಕಿಂತ ಕಡಿಮೆಯಾ?’: ಆಟೋ ಬಾಡಿಗೆಯ ಗ್ರಾಫ್ ಯಾಕೆ ತಪ್ಪಾಗಿ ಬರುತ್ತದೆ

ನಮಸ್ಕಾರ. ಗಣಿತ ಪಾಠ ಮಾಡುವವರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಒಂದು ಕಡೆ ಮಾತಾಡಿದ್ದನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಪರದೆ ಮೇಲೆ ಗ್ರಾಫ್ ತೋರಿಸುತ್ತಾ ಮಾತಾಡಿದ್ದೆ. ಇಲ್ಲಿ ಗ್ರಾಫ್ ಇಲ್ಲ, ಹಾಗಾಗಿ ಕೆಲವು ಕಡೆ ವಿವರಣೆ ಜಾಸ್ತಿಯಾಗಿದೆ. ಇನ್ನೊಂದು ಮಾತು: ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ನೇರವಾಗಿ ವಿಷಯಕ್ಕೆ ಬರೋಣ. ಬೆಂಗಳೂರಿನ ಆಟೋ ಮೀಟರ್ ದರ ತೆಗೆದುಕೊಳ್ಳಿ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. (ಮೀಟರ್ ಹಾಕುತ್ತಾರಾ ಅನ್ನೋದು ಬೇರೆ ಉಪನ್ಯಾಸಕ್ಕೆ ಇರಲಿ.) ದೂರವನ್ನು ಎಕ್ಸ್ ಅನ್ನೋಣ. ಎಕ್ಸ್ 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಾಡಿಗೆ 36. ಇಲ್ಲದಿದ್ದರೆ 36 + 18(ಎಕ್ಸ್ − 2). ಎರಡನೆಯದನ್ನು ಬಿಡಿಸಿದರೆ 36 ಮತ್ತು −36 ಹೊಡೆದುಹೋಗಿ ಬರೀ 18ಎಕ್ಸ್ ಉಳಿಯುತ್ತದೆ. ಗ್ರಾಫ್ ಹೇಗಿರಬೇಕು ಅಂತ ಎಲ್ಲರಿಗೂ ಗೊತ್ತು. 2 ಕಿಲೋಮೀಟರಿನ ತನಕ ಮಲಗಿದ ಗೆರೆ, ಅಲ್ಲಿಂದ ಮುಂದೆ ಏರುವ ಗೆರೆ. ಪಿಯುಸಿ ಹುಡುಗ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಎಳೆದುಬಿಡುತ್ತಾನೆ.

ಈಗ ಇದನ್ನೇ ಸೇಜ್‌ಗೆ ಹೇಳೋಣ. ಸೇಜ್ ಅಂದರೆ 2005ರಲ್ಲಿ ವಿಲಿಯಂ ಸ್ಟೈನ್ ಶುರು ಮಾಡಿದ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಕಟ್ಟಿದ, ದುಡ್ಡು ಕೊಡಬೇಕಿಲ್ಲದ ಕಂಪ್ಯೂಟರ್ ಆಲ್ಜೀಬ್ರಾ ಸಿಸ್ಟಮ್. ಇಂಥ ಸಿಸ್ಟಮ್ಮುಗಳ ವಿಶೇಷ ಏನಪ್ಪಾ ಅಂದರೆ, ಇವು ಬರೀ ಸಂಖ್ಯೆಗಳ ಲೆಕ್ಕ ಮಾಡುವುದಿಲ್ಲ, ಅಕ್ಷರಗಳನ್ನು ಅಕ್ಷರಗಳಾಗಿಯೇ ಇಟ್ಟುಕೊಂಡು ಲೆಕ್ಕ ಮಾಡುತ್ತವೆ. ಎಕ್ಸ್‌ಗೆ ಯಾವ ಬೆಲೆಯನ್ನೂ ಕೊಡದೆ ಅದರ ಸೂತ್ರ ಬಿಡಿಸಬಹುದು, ಡೆರಿವೇಟಿವ್ ತೆಗೆಯಬಹುದು. ಇವತ್ತಿನ ತೊಂದರೆಯ ಬೇರು ಇರುವುದು ಈ ವಿಶೇಷದಲ್ಲೇ. ಫಂಕ್ಷನ್ ಹೀಗೆ ಬರೆಯುತ್ತೇವೆ (ಇಫ್ ಅಂದರೆ ‘ಇದ್ದರೆ’, ಎಲ್ಸ್ ಅಂದರೆ ‘ಇಲ್ಲದಿದ್ದರೆ’, ರಿಟರ್ನ್ ಅಂದರೆ ‘ಉತ್ತರ ಕೊಡು’):

ಡೆಫ್ ಬಾಡಿಗೆ(ಎಕ್ಸ್):
ಇಫ್ ಎಕ್ಸ್ <= 2: ರಿಟರ್ನ್ 36
ಎಲ್ಸ್: ರಿಟರ್ನ್ 18*ಎಕ್ಸ್

ಬಾಡಿಗೆ(1) ಅಂದರೆ 36 ಬರುತ್ತದೆ. ಬಾಡಿಗೆ(5) ಅಂದರೆ 90. ಎರಡೂ ಸರಿ. ಖುಷಿಯಿಂದ ಪ್ಲಾಟ್(ಬಾಡಿಗೆ(ಎಕ್ಸ್), 0, 5) ಅಂತ ಹೊಡೆದು ಎಂಟರ್ ಒತ್ತುತ್ತೇವೆ. ಗ್ರಾಫ್ ಬರುತ್ತದೆ. ಸೊನ್ನೆಯಿಂದ ಹೊರಟು 90ರ ತನಕ ಏರುವ ಒಂದೇ ಒಂದು ನೇರ ಗೆರೆ. ಮಲಗಿದ ಭಾಗ ಇಲ್ಲವೇ ಇಲ್ಲ. ಈ ಗ್ರಾಫ್ ಪ್ರಕಾರ ಅರ್ಧ ಕಿಲೋಮೀಟರಿಗೆ 9 ರೂಪಾಯಿ! ಕೆಂಪು ಅಕ್ಷರದ ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಏನೂ ಇಲ್ಲ. ನೀಲಿ ಗೆರೆ ಅಚ್ಚುಕಟ್ಟಾಗಿ ಬಂದು ಕೂತಿರುತ್ತದೆ.

ಸಾಮಾನ್ಯವಾಗಿ ಎಲ್ಲರೂ ಮೊದಲು ಬೈಯುವುದು ಪ್ಲಾಟ್ ಕಮಾಂಡನ್ನು. ‘ಇದಕ್ಕೆ ಇಫ್ ಗೊತ್ತಾಗಲ್ಲ ಸಾರ್’ ಅನ್ನುತ್ತಾರೆ. ಪ್ಲಾಟ್‌ನದು ಏನೂ ತಪ್ಪಿಲ್ಲ. ಪ್ಲಾಟ್‌ಗೆ ನಮ್ಮ ಇಫ್ ಕಣ್ಣಿಗೇ ಬಿದ್ದಿಲ್ಲ. ಅದು ಕೆಲಸ ಶುರು ಮಾಡುವ ಹೊತ್ತಿಗೆ ಇಫ್‌ನ ಕಥೆ ಮುಗಿದುಹೋಗಿತ್ತು.

ನಡೆಯುವುದು ಇಷ್ಟು. ಪೈಥಾನ್ ಯಾವುದೇ ಕಮಾಂಡನ್ನು ಓಡಿಸುವ ಮುಂಚೆ ಬ್ರಾಕೆಟ್ ಒಳಗಿರುವುದನ್ನು ಲೆಕ್ಕ ಮಾಡಿ ಮುಗಿಸುತ್ತದೆ. ಪ್ಲಾಟ್‌ನ ಬ್ರಾಕೆಟ್ ಒಳಗೆ ಬಾಡಿಗೆ(ಎಕ್ಸ್) ಇದೆ. ಸರಿ, ಬಾಡಿಗೆಯನ್ನು ಓಡಿಸೋಣ ಅನ್ನುತ್ತದೆ. ಆದರೆ ಈಗ ಎಕ್ಸ್ ಅಂದರೆ 1 ಅಲ್ಲ, 5 ಅಲ್ಲ, ಬರೀ ಎಕ್ಸ್ ಅನ್ನುವ ಅಕ್ಷರ. ಸೇಜ್ ತೆರೆದ ಕ್ಷಣದಿಂದಲೇ ಎಕ್ಸ್ ಒಂದು ಅಕ್ಷರವಾಗಿ ತಯಾರಾಗಿ ನಿಂತಿರುತ್ತದೆ. ಇಫ್ ಆ ಅಕ್ಷರವನ್ನು ಕೇಳುತ್ತದೆ: ನೀನು 2 ಅಥವಾ ಅದಕ್ಕಿಂತ ಕಡಿಮೆಯಾ? ಅಕ್ಷರಕ್ಕೆ ಏನು ಗೊತ್ತು? ನಿಜವಾದ ಉತ್ತರ ‘ಇನ್ನೂ ಹೇಳಲಿಕ್ಕಾಗದು’. ಆದರೆ ಪೈಥಾನಿನ ಇಫ್‌ಗೆ ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬೇಕೇ ಬೇಕು. ಸೇಜ್ ಒಂದು ನಿಯಮ ಇಟ್ಟುಕೊಂಡಿದೆ: ಹೌದು ಅಂತ ಸಾಬೀತು ಮಾಡಲು ಆಗದಿದ್ದರೆ ಇಲ್ಲ ಅಂತಲೇ ಉತ್ತರ. ವಯಸ್ಸಿನ ಕಾಲಂ ಖಾಲಿ ಬಿಟ್ಟ ಅರ್ಜಿ ನೋಡಿ ಗುಮಾಸ್ತರು ‘60 ದಾಟಿಲ್ಲ’ ಅಂತ ಷರಾ ಬರೆದು ಫೈಲ್ ಮುಂದಕ್ಕೆ ಕಳಿಸಿದ ಹಾಗೆ. ಇಲ್ಲ ಅಂದ ಮೇಲೆ ಎಲ್ಸ್ ಕಡೆ ಹೋಗಬೇಕು, ಅಲ್ಲಿ 18*ಎಕ್ಸ್ ಇದೆ, ಅದೇ ವಾಪಸ್ ಬರುತ್ತದೆ. ಪ್ಲಾಟ್‌ನ ಕೈಗೆ ಸಿಗುವುದು 18*ಎಕ್ಸ್ ಅನ್ನುವ ಸೂತ್ರ ಒಂದೇ. ಅದನ್ನು ಅದು ಸರಿಯಾಗಿಯೇ ಎಳೆಯುತ್ತದೆ.

ನಂಬಿಕೆ ಬರದಿದ್ದರೆ ಇಫ್ ಅನ್ನು ತಿರುಗಿಸಿ ಬರೆದು ನೋಡಿ. ಎಕ್ಸ್ > 2 ಇದ್ದರೆ 18*ಎಕ್ಸ್, ಇಲ್ಲದಿದ್ದರೆ 36. ಇದು ಅದೇ ಫಂಕ್ಷನ್. ಯಾವ ಸಂಖ್ಯೆ ಹಾಕಿದರೂ ಎರಡರಲ್ಲೂ ಒಂದೇ ಉತ್ತರ ಬರುತ್ತದೆ. ಆದರೆ ಪ್ಲಾಟ್(ಬಾಡಿಗೆ(ಎಕ್ಸ್), 0, 5) ಅಂತ ಹೊಡೆದರೆ ಈ ಸಲ 36ರಲ್ಲಿ ಮಲಗಿದ ಗೆರೆ ಮಾತ್ರ ಬರುತ್ತದೆ, ಏರುವ ಭಾಗ ಮಾಯ! ಯಾಕೆಂದರೆ ಎಕ್ಸ್ > 2 ಅನ್ನುವುದನ್ನೂ ಸಾಬೀತು ಮಾಡಲು ಆಗುವುದಿಲ್ಲ. ಅಂದರೆ ಎಕ್ಸ್ <= 2 ಅನ್ನುವುದೂ ಸುಳ್ಳು, ಎಕ್ಸ್ > 2 ಅನ್ನುವುದೂ ಸುಳ್ಳು. ಪಾಠ ಮಾಡುವವರು ಈ ಎರಡು ತಪ್ಪು ಗ್ರಾಫುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ, ಹತ್ತು ಸಾಲಿನ ವಿವರಣೆಗಿಂತ ಬೇಗ ತಲೆಗೆ ಹೋಗುತ್ತದೆ. ಇನ್ನೂ ಒಂದು ಕಿತಾಪತಿ ಇದೆ. ಸೇಜ್‌ನ ಅದೇ ಫೈಲಿನಲ್ಲಿ ಮೇಲೆಲ್ಲೋ ಯಾರೋ ಅಸ್ಯೂಮ್(ಎಕ್ಸ್ > 2) (‘ಎಕ್ಸ್ 2ಕ್ಕಿಂತ ಜಾಸ್ತಿ ಅಂದುಕೋ’) ಅಂತ ಬರೆದು ಮರೆತಿದ್ದರೆ, ಈ ತಿರುಗಿಸಿದ ಫಂಕ್ಷನ್ ಮತ್ತೆ 18*ಎಕ್ಸ್ ಕೊಡಲು ಶುರು ಮಾಡುತ್ತದೆ. ಕೋಡಿನಲ್ಲಿ ಒಂದಕ್ಷರ ಬದಲಾಗಿಲ್ಲ, ಗ್ರಾಫ್ ಮಾತ್ರ ಬದಲು.

ಪರಿಹಾರ ಬಹಳ ಚಿಕ್ಕದು. ಪ್ಲಾಟ್(ಬಾಡಿಗೆ, 0, 5) ಅಂತ ಬರೆಯಿರಿ. ಒಳಗಿನ ಬ್ರಾಕೆಟ್ಟೂ ಎಕ್ಸೂ ಬೇಡ. ಈಗ ನಾವು ಪ್ಲಾಟ್‌ಗೆ ಫಂಕ್ಷನ್ನಿನ ಉತ್ತರವನ್ನು ಕೊಡುತ್ತಿಲ್ಲ, ಫಂಕ್ಷನ್ನನ್ನೇ ಕೊಡುತ್ತಿದ್ದೇವೆ. ಪ್ಲಾಟ್ 0ರಿಂದ 5ರ ಮಧ್ಯೆ ಒಂದೊಂದೇ ಸಂಖ್ಯೆ ಆರಿಸಿಕೊಂಡು ಬಾಡಿಗೆಯನ್ನು ಕೇಳುತ್ತಾ ಹೋಗುತ್ತದೆ, ಪ್ರತಿ ಸಲವೂ ಇಫ್ ಎದುರಿಗೆ ನಿಜವಾದ ಸಂಖ್ಯೆ ಇರುತ್ತದೆ, ಪ್ರತಿ ಸಲವೂ ಹೌದು ಅಥವಾ ಇಲ್ಲ ಅನ್ನುವ ಉತ್ತರಕ್ಕೆ ಅರ್ಥ ಇರುತ್ತದೆ. ಇವತ್ತು ನಾನು ಹೇಳಬೇಕು ಅಂತ ಬಂದ ಮಾತು ಇದೊಂದೇ: ಷರತ್ತನ್ನು ಯಾವಾಗ ಕೇಳಲಾಗುತ್ತದೆ, ಎಕ್ಸ್ ಅಕ್ಷರವಾಗಿದ್ದಾಗಲೋ ಸಂಖ್ಯೆಯಾದ ಮೇಲೋ, ಅದನ್ನು ನೋಡಿ. ಇನ್ನುಳಿದ ಎಲ್ಲ ಗೋಜಲೂ ಅಲ್ಲಿಂದಲೇ ಹುಟ್ಟುವುದು.

ಉದಾಹರಣೆಗೆ, ಗ್ರಾಫ್ ಸರಿ ಮಾಡಿಕೊಂಡೆವು, ಸರಿ. ಇಂಟಿಗ್ರಲ್? 0ರಿಂದ 5 ಕಿಲೋಮೀಟರ್ ಒಳಗಿನ ಪ್ರಯಾಣಗಳು ಎಲ್ಲ ದೂರಕ್ಕೂ ಒಂದೇ ಸಮ ಹಂಚಿವೆ ಅಂದುಕೊಂಡು ಸರಾಸರಿ ಬಾಡಿಗೆ ಎಷ್ಟು ಅಂತ ನೋಡೋಣ. ಇಂಟಿಗ್ರೇಟ್(ಬಾಡಿಗೆ(ಎಕ್ಸ್), ಎಕ್ಸ್, 0, 5) ಅಂದರೆ ಸೇಜ್ 225 ಕೊಡುತ್ತದೆ. 5ರಿಂದ ಭಾಗಿಸಿದರೆ ಸರಾಸರಿ 45 ರೂಪಾಯಿ. ಈಗ ಕೈಯಲ್ಲಿ ಮಾಡಿ. ಮೊದಲ 2 ಕಿಲೋಮೀಟರಿಗೆ 36 × 2 = 72. ಅಲ್ಲಿಂದ 5ರ ತನಕ 9 × (25 − 4) = 189. ಒಟ್ಟು 261, ಸರಾಸರಿ 52 ರೂಪಾಯಿ 20 ಪೈಸೆ. ಗ್ರಾಫ್ ತಪ್ಪಾದರೆ ಕಣ್ಣಿಗೆ ಕಾಣುತ್ತದೆ, ಯಾರಾದರೂ ಒಬ್ಬರು ‘ಏನ್ ಸಾರ್ ಇದು’ ಅನ್ನುತ್ತಾರೆ. 225 ಅನ್ನುವ ಸಂಖ್ಯೆ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ನನಗೆ ಗ್ರಾಫಿಗಿಂತ ಜಾಸ್ತಿ ಭಯ ಇದರದ್ದೇ. ಇಲ್ಲಿ ನ್ಯೂಮರಿಕಲ್ ಇಂಟಿಗ್ರಲ್ ಕಮಾಂಡಿಗೆ ಬಾಡಿಗೆ ಅಂತ ಹೆಸರು ಮಾತ್ರ ಕೊಟ್ಟರೆ 261 ಬರುತ್ತದೆ, ಯಾಕೆ ಅಂತ ಈಗ ನಿಮಗೇ ಗೊತ್ತು.

ಜಿ(ಎಕ್ಸ್) = ಬಾಡಿಗೆ(ಎಕ್ಸ್) ಅಂತ ಸೇಜ್‌ನಲ್ಲಿ ಹೊಸ ಫಂಕ್ಷನ್ ಮಾಡಿಕೊಂಡರೆ ಸರಿಹೋಗುತ್ತಾ? ಹೋಗುವುದಿಲ್ಲ. ಆ ಸಾಲು ಓಡುವಾಗಲೇ ಬಲಗಡೆಯ ಬಾಡಿಗೆ(ಎಕ್ಸ್) ಲೆಕ್ಕವಾಗಿ 18*ಎಕ್ಸ್ ಆಗಿರುತ್ತದೆ. ಆಮೇಲೆ ಪ್ಲಾಟ್(ಜಿ, 0, 5) ಅಂತ ಬ್ರಾಕೆಟ್ ಇಲ್ಲದೆ ಬರೆದರೂ ಪ್ರಯೋಜನ ಇಲ್ಲ, ರೋಗ ಒಳಗೇ ಸೇರಿಬಿಟ್ಟಿದೆ. ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಚಿಕ್ಕ ಫಂಕ್ಷನ್, ಹಾಕಿದರೆ ಸರಿ. ಲ್ಯಾಂಬ್ಡಾ ಟಿ: ಬಾಡಿಗೆ(ಟಿ) ಅಂತ ಬರೆದಾಗ ಒಳಗಿನದು ಕೂಡಲೇ ಓಡುವುದಿಲ್ಲ, ಟಿಗೆ ಬೆಲೆ ಸಿಗುವ ತನಕ ಕಾಯುತ್ತದೆ.

ಇಫ್ ಕಣ್ಣಿಗೆ ಕಾಣದ ಕಡೆಯೂ ಇದೇ ಕಾಯಿಲೆ ಇರುತ್ತದೆ. ನಮ್ಮ ಬಾಡಿಗೆಯನ್ನು 18 ಗುಣಿಸು ಮ್ಯಾಕ್ಸ್(2, ಎಕ್ಸ್) ಅಂತ ಒಂದೇ ಸಾಲಿನಲ್ಲಿ ಬರೆಯಬಹುದು (ಮ್ಯಾಕ್ಸ್ ಅಂದರೆ ಎರಡರಲ್ಲಿ ದೊಡ್ಡದು), ಚೆನ್ನಾಗಿಯೂ ಇದೆ. ಆದರೆ ಪೈಥಾನಿನ ಮ್ಯಾಕ್ಸ್ ಒಳಗೆ ಒಂದು ಹೋಲಿಕೆ ಅಡಗಿ ಕೂತಿದೆ. ಮ್ಯಾಕ್ಸ್(2, ಎಕ್ಸ್) ಅಂದರೆ ಸೇಜ್‌ನಲ್ಲಿ 2 ಬರುತ್ತದೆ. ಮ್ಯಾಕ್ಸ್(ಎಕ್ಸ್, 2) ಅಂತ ಜಾಗ ಬದಲಿಸಿದರೆ ಎಕ್ಸ್ ಬರುತ್ತದೆ. ಮೊದಲು ಯಾರು ನಿಂತಿದ್ದಾರೋ ಅವರೇ ದೊಡ್ಡವರು. ಅಕ್ಷರಗಳಿಗೆಂದೇ ಮ್ಯಾಕ್ಸ್ ಸಿಂಬಾಲಿಕ್ ಅಂತ ಬೇರೆ ಕಮಾಂಡ್ ಇದೆ, ಅದನ್ನು ಬಳಸಬೇಕು. ಹಾಗೆಯೇ 0 < ಎಕ್ಸ್ < 2 ಅಂತ ಸರಪಳಿ ಹಾಕಿ ಬರೆಯುವ ಅಭ್ಯಾಸ ನಮಗೆಲ್ಲ ಇದೆ. ಪೈಥಾನ್ ಅದನ್ನು ಎರಡು ಹೋಲಿಕೆಯಾಗಿ ಒಡೆದು ಮಧ್ಯೆ ‘ಆಂಡ್’ ಹಾಕುತ್ತದೆ. ಆ ಆಂಡ್‌ಗೂ ಹೌದು ಅಥವಾ ಇಲ್ಲ ಬೇಕು. ಮತ್ತೆ ಅದೇ ಕಥೆ.

ಬೇರೆಯವರ ಮನೆಯಲ್ಲಿ, ಅಂದರೆ ಇಂಥದ್ದೇ ಬೇರೆ ಸಿಸ್ಟಮ್ಮುಗಳಲ್ಲಿ, ಏನು ನಡೆಯುತ್ತದೆ ನೋಡೋಣ, ಯಾಕೆಂದರೆ ಒಬ್ಬೊಬ್ಬರದು ಒಂದೊಂದು ಸ್ವಭಾವ.

ಸಿಂಪೈ ಕೂಡ ಪೈಥಾನಿನದ್ದೇ. ಅಲ್ಲಿ ಇದೇ ಫಂಕ್ಷನ್ನಿಗೆ ಅಕ್ಷರ ಕೊಟ್ಟರೆ ಅದು ಟೈಪ್ ಎರರ್ ಎಸೆದು, ಈ ಹೋಲಿಕೆ ನಿಜವೋ ಸುಳ್ಳೋ ತೀರ್ಮಾನಿಸಲು ಆಗುತ್ತಿಲ್ಲ ಅಂತ ಹೇಳಿ ನಿಂತುಬಿಡುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಹುಟ್ಟಿದ ಮೇಪಲ್ ಕೂಡ ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಎರರ್ ಕೊಡುತ್ತದೆ. ಮೇಪಲ್‌ನಲ್ಲಿ ಬಾಡಿಗೆ(ಎಕ್ಸ್) ಸುತ್ತ ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ‘ಈಗಲೇ ಲೆಕ್ಕ ಮಾಡಬೇಡ, ತಡಿ’ ಅಂತ ಅರ್ಥ. ಇಲ್ಲವೇ ಸೇಜ್‌ನ ಹಾಗೆ ಬರೀ ಹೆಸರು ಕೊಡಬಹುದು.

1988ರಲ್ಲಿ ಬಂದ ಮ್ಯಾಥಮ್ಯಾಟಿಕಾದಲ್ಲಿ ಈ ತೊಂದರೆ ಗ್ರಾಫಿನ ಮಟ್ಟಿಗೆ ಕಾಣಿಸುವುದೇ ಇಲ್ಲ. ಅದಕ್ಕೆ ಎರಡು ಕಾರಣ. ಒಂದು, ಅಲ್ಲಿಯ ಪ್ಲಾಟ್ ತನಗೆ ಕೊಟ್ಟದ್ದನ್ನು ಲೆಕ್ಕ ಮಾಡದೆ ಹಾಗೇ ಹಿಡಿದಿಟ್ಟುಕೊಂಡು, ಎಕ್ಸ್‌ಗೆ ಸಂಖ್ಯೆ ಹಾಕಿದ ಮೇಲೆ ಮುಂದುವರಿಯುತ್ತದೆ. ಎರಡು, ಅಲ್ಲಿಯ ಇಫ್‌ಗೆ ‘ಗೊತ್ತಿಲ್ಲ’ ಅನ್ನಲು ಬರುತ್ತದೆ. ಷರತ್ತು ಹೌದೂ ಅಲ್ಲ ಇಲ್ಲವೂ ಅಲ್ಲ ಅಂದಾಗ ಇಡೀ ಇಫ್ ಬಿಡಿಸದೆ ಹಾಗೇ ಉಳಿದುಕೊಳ್ಳುತ್ತದೆ. ಬೇಕಿದ್ದರೆ ಆ ಗೊತ್ತಿಲ್ಲದ ಸಂದರ್ಭಕ್ಕೆಂದೇ ಇಫ್‌ಗೆ ನಾಲ್ಕನೆಯ ಜಾಗದಲ್ಲಿ ಬೇರೆ ಉತ್ತರ ಕೊಟ್ಟಿಡಬಹುದು. ನನಗೆ ಬಹಳ ಇಷ್ಟವಾದ ವ್ಯವಸ್ಥೆ ಇದು. ಹಾಗಂತ ಅಲ್ಲಿ ಎಲ್ಲವೂ ಸುಸೂತ್ರ ಅಂತಲ್ಲ. ಒಳಗೆ ಲೂಪ್ ಇರುವ ಫಂಕ್ಷನ್ನನ್ನು ನ್ಯೂಮರಿಕಲ್ ಇಂಟಿಗ್ರಲ್‌ಗೋ ಸಮೀಕರಣದ ಮೂಲ ಹುಡುಕುವ ಕಮಾಂಡಿಗೋ ಕೊಟ್ಟಾಗ ತಕರಾರು ಬರುತ್ತದೆ. ಆಗ ಫಂಕ್ಷನ್ ಬರೆಯುವಾಗಲೇ ಎಕ್ಸ್ ಪಕ್ಕ ನ್ಯೂಮರಿಕ್‌ಕ್ಯೂ ಅನ್ನುವ ಕಾವಲು ಹಾಕುತ್ತಾರೆ, ಅಂದರೆ ಸಂಖ್ಯೆ ಬಂದರೆ ಮಾತ್ರ ಬಾಗಿಲು ತೆರೆ ಅಂತ.

ಮ್ಯಾಕ್ಸಿಮಾ ಅಂತ ಇನ್ನೊಂದಿದೆ. ಅದರ ಬೇರು ಎಂಐಟಿಯಲ್ಲಿ 1968ರಲ್ಲಿ ಶುರುವಾದ ಮ್ಯಾಕ್‌ಸಿಮಾದಲ್ಲಿದೆ, ಹೆಸರುಗಳು ಕಿವಿಗೆ ಒಂದೇ ಥರ ಕೇಳುತ್ತವೆ, ಏನು ಮಾಡುವುದು. ಮ್ಯಾಕ್ಸಿಮಾದಲ್ಲೂ ಇಫ್ ಬಿಡಿಸದೆ ಉಳಿಯಬಲ್ಲದು, ಹಾಗಾಗಿ ನಮ್ಮ ಬಾಡಿಗೆಯಂಥ ಸರಳ ಫಂಕ್ಷನ್ ಸುಮ್ನೆ ಸರಿಯಾಗಿ ಬರುತ್ತದೆ.

ಈಗ ಒಂದು ಅಭಿಪ್ರಾಯ ಹೇಳುತ್ತೇನೆ, ಒಪ್ಪಲೇಬೇಕು ಅಂತಿಲ್ಲ. ಎರರ್ ಕೊಡುವ ಸಿಂಪೈ, ಮೇಪಲ್‌ಗಳನ್ನು ವಿದ್ಯಾರ್ಥಿಗಳು ಬೈಯುತ್ತಾರೆ. ನೀಲಿ ಗೆರೆ ಕೊಡುವ ಸೇಜ್ ಸೌಮ್ಯ ಅನಿಸುತ್ತದೆ. ನನ್ನ ಪ್ರಕಾರ ಉಲ್ಟಾ. ಕಲಿಯುವವನಿಗೆ ಜಗಳ ಆಡುವ ಸಾಫ್ಟ್‌ವೇರೇ ಒಳ್ಳೆಯದು. ಇದನ್ನು ಸೇಜ್ ಮುಚ್ಚಿಟ್ಟಿದೆ ಅಂತಲ್ಲ, ಅದರ ಟ್ಯುಟೋರಿಯಲ್‌ನಲ್ಲೇ ಫಂಕ್ಷನ್ನುಗಳ ವಿಷಯದಲ್ಲಿ ಜನ ಎಡವುವ ಜಾಗ ಅಂತ ಇದನ್ನು ಬಿಡಿಸಿ ಹೇಳಿದ್ದಾರೆ. ಆದರೆ ಟ್ಯುಟೋರಿಯಲ್ ಓದಿ ಗ್ರಾಫ್ ಎಳೆಯುವವರು ಎಷ್ಟು ಜನ ಹೇಳಿ.

ಹೋಲಿಕೆಯೇ ಇಲ್ಲದೆ ಬರೆಯಬಹುದಾ ಅಂತ ಕೇಳಿದರೆ, ನಮ್ಮ ಬಾಡಿಗೆಗೆ ಬರೆಯಬಹುದು. 18 + 9ಎಕ್ಸ್ + 9|ಎಕ್ಸ್ − 2| ಅಂತ ಬರೆಯಿರಿ. ಎಕ್ಸ್ 2ಕ್ಕಿಂತ ಕಡಿಮೆ ಇದ್ದರೆ ಕೊನೆಯದು 18 − 9ಎಕ್ಸ್ ಆಗಿ ಒಟ್ಟು 36. ಜಾಸ್ತಿ ಇದ್ದರೆ 9ಎಕ್ಸ್ − 18 ಆಗಿ ಒಟ್ಟು 18ಎಕ್ಸ್. ಆ ಕಂಬಗಳ ಬದಲು (ಎಕ್ಸ್ − 2)²ನ ವರ್ಗಮೂಲ ಅಂತಲೂ ಬರೆಯಬಹುದು, ಆಗ ಎಲ್ಲೂ ಷರತ್ತಿನ ಸುಳಿವೇ ಇರುವುದಿಲ್ಲ. ಈ ವರ್ಗಮೂಲದ ಉಪಾಯಕ್ಕೆ ಒಂದು ಹಳೆಯ ಕಥೆ ಇದೆ. ಹದಿನೆಂಟನೆಯ ಶತಮಾನದಲ್ಲಿ, ಮೀಟಿ ಬಿಟ್ಟ ತಂತಿ ಹೇಗೆ ಅಲುಗುತ್ತದೆ ಅನ್ನುವ ಲೆಕ್ಕದ ಬಗ್ಗೆ ಗಣಿತಜ್ಞರಾದ ಡಾಲಂಬೇರ್ ಮತ್ತು ಆಯ್ಲರ್ ಮಧ್ಯೆ ದೊಡ್ಡ ಜಗಳವೇ ಆಯಿತು. ಬೆರಳಿನಿಂದ ಎಳೆದು ಹಿಡಿದ ತಂತಿ ಎರಡು ಓರೆ ಗೆರೆ ಸೇರಿದ ಆಕಾರದಲ್ಲಿರುತ್ತದೆ ಅಲ್ವಾ, ಅದಕ್ಕೆ ಒಂದು ಸೂತ್ರ ಈ ಕಡೆ, ಇನ್ನೊಂದು ಆ ಕಡೆ. ಅಂಥದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ಡಾಲಂಬೇರ್, ತೆಗೆದುಕೊಳ್ಳಲೇಬೇಕು ಅಂತ ಆಯ್ಲರ್. ಒಂದೇ ಸೂತ್ರದಲ್ಲಿ ಬರೆಯಲು ಬಂದರೆ ಒಂದು ಜಾತಿ, ತುಂಡು ತುಂಡಾಗಿ ಬರೆದರೆ ಇನ್ನೊಂದು ಜಾತಿ ಅಂತ ಆಯ್ಲರ್ ವಿಂಗಡಿಸಿದ್ದ. 1844ರಲ್ಲಿ ಕೋಶಿ ಆ ವಿಂಗಡಣೆಯ ಬುಡವನ್ನೇ ಅಲುಗಾಡಿಸಿದ. ಸೊನ್ನೆಯ ಬಲಕ್ಕೆ ಎಕ್ಸ್, ಎಡಕ್ಕೆ −ಎಕ್ಸ್ ಅನ್ನುವುದು ಎರಡು ತುಂಡು. ಆದರೆ ಎಕ್ಸ್²ನ ವರ್ಗಮೂಲ ಅಂದರೆ ಒಂದೇ ಸೂತ್ರ, ಫಂಕ್ಷನ್ ಮಾತ್ರ ಅದೇ. ಹಾಗಾದರೆ ಜಾತಿ ಯಾವುದು? ಗಣಿತಕ್ಕೆ ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಕಂಪ್ಯೂಟರಿಗೆ ಮುಗಿದಿಲ್ಲ. ಸೂತ್ರ ಕೊಟ್ಟರೆ ಒಂದು ನಡವಳಿಕೆ, ಇಫ್ ಕೊಟ್ಟರೆ ಇನ್ನೊಂದು ನಡವಳಿಕೆ.

ಎರಡೂ ಬೇಕು ಅನ್ನುವವರಿಗೆ ಪೀಸ್‌ವೈಸ್ ಇದೆ. ಇಫ್ ಬರೆಯುವ ಬದಲು, ಯಾವ ತುಂಡಿನಲ್ಲಿ ಯಾವ ಸೂತ್ರ ಅನ್ನುವ ಪಟ್ಟಿಯನ್ನೇ ಸಿಸ್ಟಮ್ಮಿಗೆ ಒಂದು ವಸ್ತುವಾಗಿ ಕೊಡುವುದು. ಆಗ ಅದಕ್ಕೆ ಡೆರಿವೇಟಿವ್ ತೆಗೆಯಲು, ಇಂಟಿಗ್ರಲ್ ಮಾಡಲು ಎಲ್ಲ ಬರುತ್ತದೆ. ಸಿಂಪೈ, ಮೇಪಲ್, ಮ್ಯಾಥಮ್ಯಾಟಿಕಾ ಎಲ್ಲದರಲ್ಲೂ ಇದೆ. ಸೇಜ್‌ನಲ್ಲಿ ಬಳಸುವಾಗ ಬ್ರಾಕೆಟ್ ಮೇಲೆ ಕಣ್ಣಿಡಿ: ದುಂಡು ಬ್ರಾಕೆಟ್ (0, 2) ಅಂದರೆ ತುದಿಗಳು ಸೇರಿಲ್ಲ, ಚೌಕ ಬ್ರಾಕೆಟ್ [0, 2] ಅಂದರೆ ಸೇರಿವೆ. (0, 2) ಮತ್ತು (2, 5) ಅಂತ ಎರಡು ತುಂಡು ಕೊಟ್ಟು 2 ಕಿಲೋಮೀಟರಿನ ಬಾಡಿಗೆ ಕೇಳಿದರೆ, ಆ ಬಿಂದು ನನ್ನ ವ್ಯಾಪ್ತಿಯಲ್ಲೇ ಇಲ್ಲ ಅಂತ ಎರರ್ ಬರುತ್ತದೆ. ಸಿಂಪೈನಲ್ಲಿ ಷರತ್ತುಗಳನ್ನು ಮೇಲಿಂದ ಕೆಳಗೆ ನೋಡುತ್ತಾ ಹೋಗಿ ಮೊದಲು ನಿಜವಾದದ್ದನ್ನು ಹಿಡಿಯುತ್ತದೆ, ಬರೆಯುವ ಕ್ರಮ ಮುಖ್ಯ.

ಇಲ್ಲಿಯ ತನಕ ನಮ್ಮ ಗ್ರಾಫ್ ಮುರಿಯದೆ ಒಂದೇ ಗೆರೆಯಾಗಿತ್ತು. ಈಗ ಹಾರುವ ಗ್ರಾಫ್ ನೋಡೋಣ. ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಆಟೋಗೆ ಒಂದೂವರೆ ಪಟ್ಟು. 5 ಕಿಲೋಮೀಟರ್ ಪ್ರಯಾಣಕ್ಕೆ ಹಗಲು 90, ರಾತ್ರಿ 135. ಅಡ್ಡ ಅಕ್ಷದಲ್ಲಿ, ಅಂದರೆ ಕೆಳಗಿನ ಗೆರೆಯಲ್ಲಿ, ಗಂಟೆ ಇಟ್ಟು 0ರಿಂದ 24ರ ತನಕ ಎಳೆದರೆ 135ರಲ್ಲಿ ಶುರುವಾಗಿ 5 ಗಂಟೆಗೆ 90ಕ್ಕೆ ಬಿದ್ದು 22ಕ್ಕೆ ಮತ್ತೆ 135ಕ್ಕೆ ಹಾರಬೇಕು. ಫಂಕ್ಷನ್ನಿಗೆ ಈಗ ದೂರ, ಗಂಟೆ ಅಂತ ಎರಡು ಬೆಲೆ ಬೇಕು. ದೂರವನ್ನು 5ಕ್ಕೆ ಕಟ್ಟಿಹಾಕಿ ಲ್ಯಾಂಬ್ಡಾ ಟಿ: ಬಾಡಿಗೆ(5, ಟಿ) ಅಂತ ಕೊಡಬೇಕು, ಬರೀ ಹೆಸರು ಕೊಟ್ಟರೆ ಸಾಲದು.

ಬರುವ ಗ್ರಾಫಿನಲ್ಲಿ 5ರ ಹತ್ತಿರ, 22ರ ಹತ್ತಿರ ನೆಟ್ಟಗೆ ನಿಂತ ಎರಡು ಗೆರೆ ಕಾಣುತ್ತವೆ. ಅವು ಫಂಕ್ಷನ್ನಿನದ್ದಲ್ಲ. ಪ್ಲಾಟ್ ಮಾಡುವುದು ಒಂದಷ್ಟು ಬಿಂದು ಹಾಕಿ ಪಕ್ಕಪಕ್ಕದವನ್ನು ಗೆರೆಯಿಂದ ಸೇರಿಸುವ ಕೆಲಸ. ಸೇಜ್ ಸಾಮಾನ್ಯವಾಗಿ 200 ಬಿಂದುಗಳಿಂದ ಶುರು ಮಾಡುತ್ತದೆ, ಎಲ್ಲಿ ಗೆರೆ ಜೋರಾಗಿ ತಿರುಗುತ್ತದೋ ಅಲ್ಲಿ ಮಧ್ಯೆ ಇನ್ನಷ್ಟು ಬಿಂದು ಹಾಕುತ್ತದೆ, ಹೀಗೆ ಅರ್ಧರ್ಧ ಮಾಡುತ್ತಾ 5 ಹಂತದ ತನಕ ಇಳಿಯುತ್ತದೆ. 24 ಗಂಟೆಯನ್ನು 200 ಭಾಗ ಮಾಡಿ, ಅದನ್ನು ಐದು ಸಲ ಅರ್ಧ ಮಾಡಿದರೆ ಸುಮಾರು ಹದಿಮೂರು ಹದಿನಾಲ್ಕು ಸೆಕೆಂಡಿನ ಅಂತರ ಉಳಿಯುತ್ತದೆ. ಆ ಅಂತರದ ಒಂದು ಕಡೆ 90, ಇನ್ನೊಂದು ಕಡೆ 135, ಮಧ್ಯೆ ಸೇರಿಸುವ ಗೆರೆ. ನಮ್ಮ ಕಣ್ಣಿಗೆ ಅದು ಗೋಡೆ. ಸೇಜ್‌ನ ಪ್ಲಾಟ್‌ಗೆ ಎಕ್ಸ್‌ಕ್ಲೂಡ್ ಅಂತ 5 ಮತ್ತು 22ನ್ನು ಕೊಟ್ಟರೆ ಅಲ್ಲಿ ಗೆರೆ ಕತ್ತರಿಸುತ್ತದೆ. ಮ್ಯಾಥಮ್ಯಾಟಿಕಾದಲ್ಲಿ ಪೀಸ್‌ವೈಸ್ ಕೊಟ್ಟಿದ್ದರೆ ಅದೇ ಕತ್ತರಿಸಿಕೊಳ್ಳುತ್ತದೆ, ಯಾಕೆಂದರೆ ಎಲ್ಲಿ ತುಂಡಾಗಿದೆ ಅಂತ ಅದಕ್ಕೆ ಓದಲು ಬರುತ್ತದೆ. ಪೈಥಾನ್ ಫಂಕ್ಷನ್ನಿನ ಹೊಟ್ಟೆಯೊಳಗಿನ ಇಫ್ ಅನ್ನು ಪ್ಲಾಟ್ ಓದುವುದಿಲ್ಲ.

ಇನ್ನು ಸರಿಯಾಗಿ 22 ಗಂಟೆಗೆ 90ಓ 135ಓ? ಕಪ್ಪುಹಲಗೆ ಮೇಲೆ ನಾವು ತುಂಬಿದ ಚುಕ್ಕಿ, ಖಾಲಿ ಚುಕ್ಕಿ ಹಾಕಿ ತೋರಿಸುತ್ತೇವೆ. ಯಂತ್ರ ಅದನ್ನು ತಾನಾಗಿ ಹಾಕುವುದಿಲ್ಲ. ಪಾಯಿಂಟ್ ಕಮಾಂಡಿನಿಂದ ನಾವೇ ಸೇರಿಸಬೇಕು. ಸೇಜ್ ಬಿಂದುಗಳನ್ನು ಆರಿಸುವಾಗ ಸ್ವಲ್ಪ ಅಡ್ಡಾದಿಡ್ಡಿ ಸರಿಸುತ್ತದೆ ಬೇರೆ, ಹಾಗಾಗಿ ಸರಿಯಾಗಿ 22ರ ಮೇಲೆ ಬಿಂದು ಬೀಳುವ ಸಾಧ್ಯತೆಯೇ ಕಡಿಮೆ. ಒಂದೇ ಬಿಂದುವಿನಲ್ಲಿ ಬೇರೆ ಬೆಲೆ ಇರುವ ಫಂಕ್ಷನ್ ಬರೆದು ಎಳೆಸಿ ನೋಡಿ, ಆ ಬಿಂದು ಕಾಣುವುದೇ ಇಲ್ಲ. ಇದೇ ದಾರಿಯಲ್ಲಿ ಕೊನೆ ತನಕ ಹೋದರೆ 1829ರಲ್ಲಿ ಡಿರಿಕ್ಲೆ ಹೇಳಿದ ಫಂಕ್ಷನ್ ಸಿಗುತ್ತದೆ: ಭಾಗಲಬ್ಧ ಸಂಖ್ಯೆಗಳಲ್ಲಿ ಒಂದು ಬೆಲೆ, ಅಭಾಗಲಬ್ಧಗಳಲ್ಲಿ ಇನ್ನೊಂದು. ಕಂಪ್ಯೂಟರಿನ ದಶಮಾಂಶ ಸಂಖ್ಯೆಗಳೆಲ್ಲ ಭಾಗಲಬ್ಧವೇ, ಹಾಗಾಗಿ ಅದರ ಗ್ರಾಫ್ ಬಿಂದು ಹಾಕಿ ಎಳೆಯುವ ಆಟ ಅಲ್ಲಿಗೆ ಮುಗಿಯಿತು.

ಮೂಲೆ ಅಡಗಿರುವ ಒಂದು ಉದಾಹರಣೆ ಕೊಡುತ್ತೇನೆ, ಎಲ್ಲರ ಜೇಬಿಗೆ ಸಂಬಂಧಿಸಿದ್ದು. 2025–26ರ ಹೊಸ ಪದ್ಧತಿಯ ಆದಾಯ ತೆರಿಗೆ. 4 ಲಕ್ಷದ ತನಕ ಇಲ್ಲ, 4ರಿಂದ 8ಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15, ಹೀಗೆ ಏರುತ್ತಾ 24 ಲಕ್ಷದ ಮೇಲೆ ಶೇ. 30. ಆದರೆ ತೆರಿಗೆಗೆ ಒಳಪಡುವ ಆದಾಯ 12 ಲಕ್ಷದ ಒಳಗಿದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. ಸೆಸ್ ಬಿಟ್ಟು ಮಾತಾಡುತ್ತಿದ್ದೇನೆ. ಬರೀ ಇಷ್ಟೇ ಆಗಿದ್ದರೆ 12 ಲಕ್ಷಕ್ಕೆ ಸೊನ್ನೆ, ಅದರ ಮೇಲೆ ಒಂದೇ ರೂಪಾಯಿ ಜಾಸ್ತಿ ದುಡಿದರೆ 60,000 ಕಟ್ಟಬೇಕಾಗಿತ್ತು. ಹಾಗಾಗದಿರಲಿ ಅಂತ ಮಾರ್ಜಿನಲ್ ರಿಲೀಫ್ ಇದೆ: 12 ಲಕ್ಷದ ಮೇಲೆ ಎಷ್ಟು ಜಾಸ್ತಿ ದುಡಿದಿರೋ ಅದಕ್ಕಿಂತ ಜಾಸ್ತಿ ತೆರಿಗೆ ಇಲ್ಲ. ಫಂಕ್ಷನ್ನಿನಲ್ಲಿ ಇದು ಮಿನ್ ಆಗಿ ಬರುತ್ತದೆ, ಮಾಮೂಲಿ ತೆರಿಗೆ ಮತ್ತು (ಆದಾಯ − 12 ಲಕ್ಷ) ಎರಡರಲ್ಲಿ ಚಿಕ್ಕದು. ಮ್ಯಾಕ್ಸ್‌ಗೆ ಹೇಳಿದ್ದೆಲ್ಲ ಮಿನ್‌ಗೂ ಅನ್ವಯ.

ರಿಲೀಫ್ ಎಲ್ಲಿಗೆ ಮುಗಿಯುತ್ತದೆ ಅನ್ನುವುದು ಯಾವ ಕೋಷ್ಟಕದಲ್ಲೂ ಬರೆದಿಲ್ಲ, ಲೆಕ್ಕ ಮಾಡಬೇಕು. ಜಾಸ್ತಿ ದುಡಿದದ್ದು ಡಿ ಅಂದರೆ, ಡಿ = 60,000 + 0.15ಡಿ. ಅಂದರೆ ಡಿ = 60,000 ಭಾಗ 0.85, ಸುಮಾರು 70,588. ಆದಾಯ 12 ಲಕ್ಷದಿಂದ 12,70,588ರ ತನಕ ಇರುವ ಜಾಗದಲ್ಲಿ ದುಡಿದ ಪ್ರತಿ ರೂಪಾಯಿಯೂ ಪೂರ್ತಿ ತೆರಿಗೆಗೆ ಹೋಗುತ್ತದೆ, ಗೆರೆಯ ಓರೆ ಸರಿಯಾಗಿ 1. ಈಗ ಇದನ್ನು ಸೊನ್ನೆಯಿಂದ 50 ಲಕ್ಷದ ತನಕ ಸಮ ಅಂತರದ 200 ಬಿಂದುಗಳಲ್ಲಿ ಎಳೆದರೆ, ಬಿಂದುವಿಂದ ಬಿಂದುವಿಗೆ 25,000 ಚಿಲ್ಲರೆ. ಆ ಜಾಗಕ್ಕೆ ಬೀಳುವುದು ಎರಡೋ ಮೂರೋ ಬಿಂದು. ಗ್ರಾಫಿನಲ್ಲಿ ಅದು ಸುಮ್ನೆ ಒಂದು ಮೆಟ್ಟಿಲಿನ ಹಾಗೆ ಕಂಡು, ‘12 ಲಕ್ಷ ದಾಟಿದರೆ ತೆರಿಗೆ ದಿಢೀರ್ ಹಾರುತ್ತದೆ’ ಅನ್ನುವ ತಪ್ಪು ಕಲ್ಪನೆ ಬರುತ್ತದೆ. 11.5 ಲಕ್ಷದಿಂದ 13.5 ಲಕ್ಷದ ತನಕ ಮಾತ್ರ ಎಳೆಸಿ, ಎರಡೂ ಮೂಲೆಗಳು ಸ್ಪಷ್ಟವಾಗಿ ಕಾಣುತ್ತವೆ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವು.

ಪೈಥಾನಿನಲ್ಲಿ ಸಂಖ್ಯೆಗಳ ಲೆಕ್ಕಕ್ಕೆಂದೇ ಇರುವ ನಂಪೈ ಬಳಸಿ ಗ್ರಾಫ್ ಎಳೆದರೆ ಈ ಕಷ್ಟ ಇಲ್ಲ ಅಲ್ವಾ ಅಂತ ಒಬ್ಬ ಹುಡುಗಿ ಕೇಳಿದಳು. ಈ ಕಷ್ಟ ಇಲ್ಲ, ಇದರ ತಮ್ಮ ಇದ್ದಾನೆ. ಅಲ್ಲಿ ಎಕ್ಸ್ ಅಂದರೆ ನೂರಾರು ಸಂಖ್ಯೆಗಳ ಸಾಲು. ಸಾಲನ್ನು ಇಫ್ ಎದುರು ನಿಲ್ಲಿಸಿ 2ಕ್ಕಿಂತ ಕಡಿಮೆಯಾ ಅಂದರೆ, ಕೆಲವರು ಹೌದು ಕೆಲವರು ಇಲ್ಲ ಅನ್ನುತ್ತಾರೆ. ನಂಪೈ ಮರ್ಯಾದೆಯಾಗಿ ವ್ಯಾಲ್ಯೂ ಎರರ್ ಕೊಡುತ್ತದೆ. ಇಫ್ ಬದಲು ನಂಪೈನ ವೇರ್ ಬಳಸಬೇಕು, ಅದು ಒಬ್ಬೊಬ್ಬರಿಗೂ ಬೇರೆ ಉತ್ತರ ಆರಿಸುತ್ತದೆ. ಆದರೆ ವೇರ್‌ಗೆ ಕೊಡುವ ಎರಡೂ ಸೂತ್ರಗಳು ಇಡೀ ಸಾಲಿಗೆ ಲೆಕ್ಕವಾಗಿಬಿಡುತ್ತವೆ. ಋಣ ಸಂಖ್ಯೆಯ ಲಾಗ್ ತಪ್ಪಿಸಲೆಂದೇ ಷರತ್ತು ಹಾಕಿದ್ದರೂ ಎಚ್ಚರಿಕೆ ಬರುತ್ತದೆ. ಉತ್ತರ ಸರಿ ಇರುತ್ತದೆ, ಗಾಬರಿ ಬೇಡ.

ಇನ್ನೊಬ್ಬ ಮೇಷ್ಟರು, ‘ಸೇಜ್‌ನವರು ಎರರ್ ಕೊಡುವ ಹಾಗೆ ಬದಲಿಸಬಾರದಾ?’ ಅಂದರು. ಅವರ ಸಿಟ್ಟು ನ್ಯಾಯವೇ. ಆದರೆ ಪೈಥಾನಿನ ಒಳಗೆ ಇಫ್ ಒಂದೇ ಅಲ್ಲ, ಪಟ್ಟಿಯಲ್ಲಿ ಹುಡುಕುವುದು, ಎರಡು ವಸ್ತು ಒಂದೇನಾ ಅಂತ ನೋಡುವುದು, ಇಂಥ ಹತ್ತಾರು ಕೆಲಸ ಹೌದು ಅಥವಾ ಇಲ್ಲ ಅನ್ನುವ ಉತ್ತರದ ಮೇಲೇ ನಿಂತಿವೆ. ಎಲ್ಲದಕ್ಕೂ ಎರರ್ ಎಸೆಯುತ್ತಾ ಹೋದರೆ ಮಾಮೂಲಿ ಕೋಡೂ ಓಡುವುದಿಲ್ಲ. ಸಿಂಪೈ ಕೂಡ ಚಿಕ್ಕದು ದೊಡ್ಡದು ಅನ್ನುವ ಹೋಲಿಕೆಗೆ ಮಾತ್ರ ಎರರ್ ಕೊಡುತ್ತದೆ. ಎಕ್ಸ್ == 2 ಅಂದರೆ ಅದೂ ಸುಮ್ನೆ ಸುಳ್ಳು ಅನ್ನುತ್ತದೆ, ಯಾಕೆಂದರೆ ಎಕ್ಸ್ ಅನ್ನುವ ಬರಹ ಬೇರೆ, 2 ಅನ್ನುವ ಬರಹ ಬೇರೆ.

ತನ್ನ ಫಂಕ್ಷನ್ನಿಗೆ ಈ ಕಾಯಿಲೆ ಇದೆಯಾ ಅಂತ ಮೊದಲೇ ತಿಳಿಯುವುದು ಹೇಗೆ ಅಂತ ಒಬ್ಬರು ಕೇಳಿದರು. ಪ್ಲಾಟ್ ಮಾಡುವ ಮುಂಚೆ ಬಾಡಿಗೆ(ಎಕ್ಸ್) ಅಂತ ಅಷ್ಟನ್ನೇ ಹೊಡೆದು ಎಂಟರ್ ಒತ್ತಿ. ಉತ್ತರದಲ್ಲಿ ನಿಮ್ಮ ಷರತ್ತು ಇನ್ನೂ ಕಾಣುತ್ತಿದ್ದರೆ ಅಥವಾ ಎರರ್ ಬಂದರೆ ಒಳ್ಳೆಯದು. ಒಂದೇ ತುಂಡಿನ ಸೂತ್ರ ಬಂದರೆ ಆ ಸಿಸ್ಟಮ್ಮಿನಲ್ಲಿ ಹೆಸರನ್ನೋ ಲ್ಯಾಂಬ್ಡಾವನ್ನೋ ಕೊಡಬೇಕು ಅಂತ ಅರ್ಥ. ಇದಕ್ಕೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಸೇಜ್‌ಸೆಲ್ ಅಂತ ಬ್ರೌಸರಿನಲ್ಲೇ ಓಡುವ ಪುಟ ಇದೆ, ಮೊಬೈಲಿನಲ್ಲೂ ತೆರೆಯುತ್ತದೆ. ಮೊಬೈಲ್ ಕೀಬೋರ್ಡಿನಲ್ಲಿ ಡೆಫ್ ಒಳಗಿನ ಸಾಲುಗಳಿಗೆ ಮುಂದೆ ಜಾಗ ಬಿಡುವುದು ಮಾತ್ರ ಸ್ವಲ್ಪ ಕಿರಿಕಿರಿ.